ನಲವತ್ತೊಂದಕ್ಕೆ ನಲವತ್ತೊಂದು

ಜೂನ್ 14

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಾದರೆ ಐದನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ, ಕಾಗದದಲ್ಲಾದರೆ ಜಗಳ ಆಡಲಿಕ್ಕೂ ಒಂದು ವಾರ ಕಾಯಬೇಕು, ಆದ್ದರಿಂದ ಕಾಗದವೇ ವಾಸಿ ಎಂದು ತೀರ್ಮಾನ ಮಾಡಿದವಳು ನೀನು. ಅದರಂತೆ ಈ ವರ್ಷದ ಮೊದಲ ಕಾಗದ.

ನನಗೆ ಬಡ್ತಿ ಸಿಕ್ಕಿದೆ, ಕುರ್ಚಿ ಮಾತ್ರ ಹಳೆಯದೇ. ಇನ್ನು ಮೇಲೆ ನಾನು ಎರಡನೇ ತರಗತಿಯ ಟೀಚರ್ ಅಷ್ಟೇ ಅಲ್ಲ, ಇಡೀ ಶಾಲೆಯ ಆರೋಗ್ಯ ಟೀಚರ್. ಹೇಗೆಂದರೆ, ಶಾಲೆ ತೆರೆಯುವ ಮುಂಚಿನ ಮೀಟಿಂಗಿನ ದಿನ ನನಗೆ ಹಲ್ಲುನೋವು. ಬಾರದವರ ತಲೆಗೆ ಕೆಲಸ ಕಟ್ಟುವುದು ಎಲ್ಲ ಮೀಟಿಂಗುಗಳ ಪದ್ಧತಿ. ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದವಳಿಗೆ ಮುನ್ನೂರು ಮಕ್ಕಳ ಆರೋಗ್ಯ ವಹಿಸಿಕೊಟ್ಟು ಎಲ್ಲರೂ ಚಹಾ ಕುಡಿದು ಎದ್ದಿದ್ದಾರೆ.

ನಾನೂ ಬಿಡುವವಳಲ್ಲ. ಸೋಮವಾರ ಉಗುರು, ಬುಧವಾರ ಹಲ್ಲು, ಶುಕ್ರವಾರ ತಲೆ. ನಲ್ಲಿಯ ಹತ್ತಿರ ಇಟ್ಟ ಸೋಪು ಮೊದಲ ದಿನವೇ ಮಾಯವಾಯಿತು. ಎರಡನೇ ದಿನ ಅದನ್ನು ಬಲೆಚೀಲಕ್ಕೆ ಹಾಕಿ ನಲ್ಲಿಗೇ ಕಟ್ಟಿದೆ. ಈಗ ಕೈ ತೊಳೆಯಲು ಸಾಲು ನಿಲ್ಲುತ್ತಾರೆ. ದೊಡ್ಡ ತರಗತಿಯವರು ನನಗೆ ‘ಉಗುರು ಟೀಚರ್’ ಎಂದು ಹೆಸರಿಟ್ಟಿದ್ದಾರಂತೆ. ಇಡಲಿ ಬಿಡು, ಹೆಸರಿಲ್ಲದೆ ಇರುವುದಕ್ಕಿಂತ ಮೇಲು.

ಈಗ ನಿನ್ನಿಂದ ಆಗಬೇಕಾದ ಕೆಲಸ. ವರ್ಷಕ್ಕೊಮ್ಮೆ ಬರುವ ಆರೋಗ್ಯ ತಂಡದವರು ಮುನ್ನೂರು ಮಕ್ಕಳನ್ನು ಒಂದೂವರೆ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಕಣ್ಣಿನ ವಿಷಯಕ್ಕೆ ಬಂದರೆ ‘ಕಾಣುತ್ತಾ?’ ಎಂದು ಕೇಳುತ್ತಾರೆ, ಮಕ್ಕಳು ‘ಹೂಂ’ ಅನ್ನುತ್ತವೆ, ಮುಗಿಯಿತು. ಕಣ್ಣಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದೃಷ್ಟಿ ಪರೀಕ್ಷೆ ಮಾಡುವ ಅಕ್ಕನನ್ನು ಇಟ್ಟುಕೊಂಡು ನಾನು ಹೀಗೆ ಬಿಟ್ಟರೆ ಚೆನ್ನಾಗಿರುತ್ತದೆಯೇ? ಒಂದು ಅಕ್ಷರದ ಪಟ ಕಳಿಸು. ಮೊದಲು ನನ್ನ ತರಗತಿಯ ನಲವತ್ತೊಂದು ಮಕ್ಕಳನ್ನು ನಾನೇ ನೋಡುತ್ತೇನೆ.

ನಿನ್ನ ತಂಗಿ


ಜೂನ್ 25

ಪುಟ್ಟಿಗೆ,

ಉಗುರು ಟೀಚರಿಗೆ ನಮಸ್ಕಾರ. ಕೊಳವೆಯಲ್ಲಿ ಸುತ್ತಿ ಪಟ ಕಳಿಸಿದ್ದೇನೆ. ಏಳು ಸಾಲು, ಮೇಲಿನದು ದೊಡ್ಡದು, ಕೆಳಗಿನದು ಸಣ್ಣದು.

ಮಗು ಪಟದಿಂದ ಆರು ಮೀಟರು ದೂರ ನಿಲ್ಲಬೇಕು. ಹೆಜ್ಜೆಯಲ್ಲಿ ಅಳೆಯಬೇಡ, ಟೇಪು ಹಿಡಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸು. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತವೆ. ಎರಡು ಕಣ್ಣನ್ನೂ ಒಟ್ಟಿಗೆ ನೋಡಿ ಬಿಟ್ಟರೆ ಪರೀಕ್ಷೆ ಮಾಡಿದ ಹಾಗಲ್ಲ, ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೋ. ಕಣ್ಣು ಕಿರಿದು ಮಾಡಿದರೆ ಲೆಕ್ಕಕ್ಕಿಲ್ಲ. ಆರನೇ ಸಾಲಿಗಿಂತ ಮೊದಲೇ ನಿಂತವರನ್ನು ಡಾಕ್ಟರ ಹತ್ತಿರ ಕಳಿಸು. ಇನ್ನೊಂದು, ಮಗು ಓದುವಾಗ ನೀನು ಬಾಯಿ ಮುಚ್ಚಿಕೊಂಡು ನಿಲ್ಲು. ಮಕ್ಕಳು ತಡವರಿಸಿದರೆ ತಾವೇ ತುಟಿ ಅಲ್ಲಾಡಿಸಿ ಉತ್ತರ ಕೊಡುವ ಚಟ ಟೀಚರುಗಳಿಗೆಲ್ಲ ಇದೆ.

ಇಷ್ಟೇ. ಇದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ.

ಅಕ್ಕ


ಜುಲೈ 20

ಪ್ರೀತಿಯ ಅಕ್ಕನಿಗೆ,

ನಲವತ್ತೊಂದಕ್ಕೆ ನಲವತ್ತೊಂದು! ಒಂದೇ ಒಂದು ಮಗು ತಡವರಿಸಲಿಲ್ಲ. ಟೇಪು ಹಿಡಿದೆ, ಅಂಗೈಯಿಂದಲೇ ಮುಚ್ಚಿಸಿದೆ, ನನ್ನ ತುಟಿಗೆ ಬೀಗ ಹಾಕಿದ್ದೆ. ಎಲ್ಲರೂ ಎರಡು ಕಣ್ಣಿನಲ್ಲೂ ಬೇರೆ ಬೇರೆಯಾಗಿ ಏಳನೇ ಸಾಲಿನ ತನಕ ಓದಿದರು.

ಗೋಡೆ ನೋಡಿ ಬೆದರದಿರಲಿ ಎಂದು ಒಂದು ವಾರ ಮೊದಲಿನಿಂದಲೇ ತಯಾರಿ ಮಾಡಿಸಿದ್ದೆ. ಹಾಗಾಗಿ ಯಾರಿಗೂ ಅಳು, ನಾಚಿಕೆ ಏನೂ ಇರಲಿಲ್ಲ. ನಮ್ಮ ಗಿಣಿಯಂತೂ ಕೇಳಬೇಡ. ನಿನಗೆ ಅವಳ ವಿಷಯ ಬರೆದಿರಲಿಲ್ಲ ಅಲ್ಲವೇ? ಏಳು ವರ್ಷದ ಹುಡುಗಿ, ತಾಯಿ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವವಳು. ಒಮ್ಮೆ ಕೇಳಿದ ಪದ್ಯ ಇವಳ ನಾಲಿಗೆ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಗಿಣಿ. ನಾನು ಹೆಸರು ಕರೆದು ಮುಗಿಸುವುದರೊಳಗೆ ನೀರು ಕುಡಿದಷ್ಟು ಸಲೀಸಾಗಿ ಏಳೂ ಸಾಲು ಒಪ್ಪಿಸಿ, ಬಾಲ ಇದ್ದಿದ್ದರೆ ಕುಣಿಸುವ ಹಾಗೆ ಹೋಗಿ ಕುಳಿತಳು.

ಹೆಡ್ ಮೇಷ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಇದನ್ನು ಹೇಳಿ ಚಪ್ಪಾಳೆ ಹೊಡೆಸಿದರು. ಶಿಕ್ಷಣ ಕಚೇರಿಗೆ ವರದಿಯನ್ನೂ ಕಳಿಸಿದ್ದಾರೆ. ಹದಿನಾರು ವರ್ಷದ ನೌಕರಿಯಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬಿತು.

ನಿನ್ನ ತಂಗಿ


ಜುಲೈ 31

ಪುಟ್ಟಿಗೆ,

ಚಪ್ಪಾಳೆಗೆ ಸಂತೋಷ. ಆದರೆ ನಲವತ್ತೊಂದಕ್ಕೆ ನಲವತ್ತೊಂದು ಎಂಬುದು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ನಾನು ಕಂಡ ಯಾವ ತರಗತಿಯಲ್ಲೂ ಅಷ್ಟು ಮಕ್ಕಳಲ್ಲಿ ಕಣ್ಣು ಸರಿಯಿಲ್ಲದವರು ಇಬ್ಬರು ಮೂವರಾದರೂ ಸಿಗದೆ ಹೋದದ್ದಿಲ್ಲ. ಎಲ್ಲೋ ಎಡವಿದ್ದೀಯ. ಎಲ್ಲಿ ಎಂದು ಇಲ್ಲಿ ಕುಳಿತು ನನಗೆ ಗೊತ್ತಾಗುವುದಿಲ್ಲ. ತಯಾರಿ ಎಂದು ಬರೆದಿದ್ದೀಯ. ಮನೆಯವರಿಗೆ ತಿಳಿಸಿದೆ, ಮುಖ ತೊಳೆಸಿದೆ, ಅಂಥದೇ ತಾನೇ? ಅದು ಸರಿ.

ಇನ್ನೊಮ್ಮೆ ಮಾಡು. ಈ ವಾರವೇ ಮಾಡು. ಕಣ್ಣು ಪಾಸು ಮಾಡಿಸುವ ವಿಷಯವಲ್ಲ, ಹುಳುಕು ಹುಡುಕುವ ವಿಷಯ. ಏಳು ವರ್ಷದ ಕಣ್ಣಿಗೆ ಕಾಯುವ ಪುರಸೊತ್ತಿಲ್ಲ.

ಅಕ್ಕ


ಆಗಸ್ಟ್ 9

ಅಕ್ಕನಿಗೆ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ. ಚಿಕ್ಕಂದಿನಲ್ಲಿ ನಾನು ಒಳ್ಳೆಯ ಅಂಕ ತಂದರೆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ತಿದ್ದಿದ್ದೀನಾ ಎಂದು ನೋಡುತ್ತಿದ್ದವಳು ನೀನು. ಆಗ ನನಗೆ ಒಂಬತ್ತು ವರ್ಷ, ಈಗ ನಲವತ್ತು. ನೀನು ಮಾತ್ರ ಹಾಗೇ ಇದ್ದೀಯ.

ನೀನು ಹೇಳಿದ್ದನ್ನೆಲ್ಲ ಅಕ್ಷರ ತಪ್ಪದೆ ಮಾಡಿದ್ದೇನೆ. ನಮ್ಮಂಥ ಶಾಲೆಯ ಮಕ್ಕಳಿಗೆ ಕಣ್ಣು ಚೆನ್ನಾಗಿರಬಾರದು ಎಂದು ಎಲ್ಲಾದರೂ ಬರೆದಿದೆಯೇ? ನಾನು ಡಾಕ್ಟರಲ್ಲ, ನಿಮ್ಮ ಬಿಳಿ ಕೋಟು ನನಗಿಲ್ಲ. ಆದರೆ ಆ ನಲವತ್ತೊಂದು ಮುಖಗಳನ್ನು ದಿನಾ ನೋಡುವವಳು ನಾನು.

ಕೆಲಸ ಬೇಕಾದಷ್ಟಿದೆ. ಆಮೇಲೆ ಬರೆಯುತ್ತೇನೆ.

ತಂಗಿ


ಆಗಸ್ಟ್ 17

ಪುಟ್ಟಿ,

ಕೋಪ ಮಾಡಿಕೋ, ಪರವಾಗಿಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡು.

ಅಕ್ಕ


ಅಕ್ಟೋಬರ್ 12

ಪ್ರೀತಿಯ ಅಕ್ಕನಿಗೆ,

ಎರಡು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ಅದರ ಮಾತು ಆಮೇಲೆ.

ಮತ್ತೊಮ್ಮೆ ನೋಡೋಣ ಅನ್ನಿಸಿ ಮೊನ್ನೆ ಎಲ್ಲ ಮಕ್ಕಳನ್ನೂ ಪರೀಕ್ಷೆ ಮಾಡಿದೆ. ಮೂವರು ಸಿಕ್ಕಿದ್ದಾರೆ. ಇಬ್ಬರು ನಾಲ್ಕನೇ ಸಾಲಿಗೆ ನಿಂತರು, ಅವರಿಗೆ ಬರೀ ಕನ್ನಡಕ ಸಾಕಾಗಬಹುದು. ಮೂರನೆಯವಳು ಗಿಣಿ. ಬಲಗಣ್ಣಿನಲ್ಲಿ ಎಲ್ಲ ಓದುತ್ತಾಳೆ. ಬಲಗಣ್ಣು ಮುಚ್ಚಿದರೆ ಮೊದಲ ಸಾಲಿನ ದೊಡ್ಡ ಅಕ್ಷರ ಒಂದೇ. ಅದನ್ನೂ ತಲೆ ವಾರೆ ಮಾಡಿ ಹುಡುಕುತ್ತಾಳೆ. ಹೊರಗಿನಿಂದ ನೋಡಿದರೆ ಎರಡು ಕಣ್ಣೂ ಒಂದೇ ತರಹ, ಹೊಳೆಯುತ್ತವೆ. ಮೆಳ್ಳೆಗಣ್ಣಲ್ಲ, ಕೆಂಪಿಲ್ಲ, ನೀರು ಬರುವುದಿಲ್ಲ.

ಇದು ಏನು? ಏನು ಮಾಡಲಿ? ಬೇಗ ಬರೆ. ಫೋನು ಮಾಡಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳುವ ಧೈರ್ಯ ಆಗಲಿಲ್ಲ.

ನಿನ್ನ ತಂಗಿ


ಅಕ್ಟೋಬರ್ 18

ಪುಟ್ಟಿಗೆ,

ಕಾಗದ ಕೈಗೆ ಬಂದ ಹೊತ್ತಿಗೇ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರದ ಆಸ್ಪತ್ರೆಯ ಮಕ್ಕಳ ಕಣ್ಣಿನ ಡಾಕ್ಟರಿಗೆ ಚೀಟಿ ಇಟ್ಟಿದ್ದೇನೆ, ನಮ್ಮಲ್ಲೇ ಕಲಿತವರು. ಮೂವರನ್ನೂ ಕರೆದುಕೊಂಡು ಹೋಗು. ಗಿಣಿಯನ್ನು ಮೊದಲು.

ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಒಂದು ಕಣ್ಣು ಚೆನ್ನಾಗಿ ಕಂಡು ಇನ್ನೊಂದು ಮಸುಕಾಗಿ ಕಂಡರೆ, ಮಿದುಳು ಚೆನ್ನಾಗಿರುವ ಕಣ್ಣಿನ ಮಾತು ಮಾತ್ರ ಕೇಳುತ್ತದೆ. ಇನ್ನೊಂದು ಕೆಲಸವಿಲ್ಲದೆ ಕೂತು ಕೂತು ನೋಡುವುದನ್ನೇ ಮರೆಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಸಿಕ್ಕರೆ, ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ಪಟ್ಟಿ ಅಂಟಿಸಿ, ಸೋಮಾರಿಯನ್ನು ಕೆಲಸಕ್ಕೆ ಹಚ್ಚಬಹುದು. ದೊಡ್ಡವರಾದ ಮೇಲೆ ಅದು ಮಾತು ಕೇಳುವುದು ಕಷ್ಟ. ಮಗುವಿಗೆ ತನಗೆ ಕಾಣುವುದಿಲ್ಲ ಎಂದೇ ಗೊತ್ತಿರುವುದಿಲ್ಲ. ಲೋಕವೇ ಹೀಗೆ ಎಂದುಕೊಂಡಿರುತ್ತದೆ.

ಇದು ನನಗೆ ಹೇಗೆ ಅಷ್ಟು ಚೆನ್ನಾಗಿ ಗೊತ್ತು ಎಂದು ಕೇಳು. ನನ್ನ ಎಡಗಣ್ಣು ಅಂಥದ್ದೇ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ನೀರು ಬಗ್ಗಿಸಿದರೆ ಅರ್ಧ ಲೋಟದ ಪಕ್ಕಕ್ಕೆ ಬೀಳುತ್ತಿತ್ತು, ನೆನಪಿದೆಯಾ? ಅಮ್ಮ ‘ಎಡವಟ್ಟು’ ಎಂದು ಹೆಸರಿಟ್ಟಳು. ನೀನು ಬೀದಿಯವರಿಗೆಲ್ಲ ಹಾಗೆ ಕರೆಯುವುದನ್ನು ಕಲಿಸಿದೆ. ಎರಡು ಕಣ್ಣೂ ಸೇರಿ ನೋಡದಿದ್ದರೆ ದೂರ ಹತ್ತಿರ ಅಂದಾಜು ಸಿಗುವುದಿಲ್ಲ. ನನಗೂ ಅದು ಗೊತ್ತಿರಲಿಲ್ಲ. ನಾನು ದಡ್ಡಿ, ನನ್ನ ಕೈ ಸರಿಯಿಲ್ಲ ಎಂದೇ ನಂಬಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಕೆಲಸ ಕಲಿಯಲು ಸೇರಿದ ದಿನ, ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿ ಅಂದರು. ಬಲಗಣ್ಣು ಮುಚ್ಚಿದೆ, ಪಟವೇ ಹೋಯಿತು. ಆಗ ಕಾಲ ಮೀರಿತ್ತು.

ಹನ್ನೆರಡು ವರ್ಷ ಶಾಲೆಗೆ ಹೋದೆ. ಒಬ್ಬ ಟೀಚರಾದರೂ ಒಂದು ಸಲ ‘ಒಂದು ಕಣ್ಣು ಮುಚ್ಚಿಕೊಂಡು ಬೋರ್ಡು ಓದಮ್ಮ’ ಅಂದಿದ್ದರೆ ಸಾಕಿತ್ತು. ಜುಲೈಯಲ್ಲಿ ನಿನ್ನ ಮೇಲೆ ಹರಿಹಾಯ್ದದ್ದು ಅದಕ್ಕೆ. ನೀನು ಆ ಮಾತು ಅಂದ ಟೀಚರು. ತಪ್ಪಿದರೂ ಬಿಡದೆ ಇನ್ನೊಮ್ಮೆ ನೋಡಿದವಳು. ಶಭಾಷ್ ಕಣೇ.

ಅಕ್ಕ


ಅಕ್ಟೋಬರ್ 29

ಅಕ್ಕಾ,

ಶಭಾಷ್ ಅನ್ನಬೇಡ. ಆ ಮಾತು ಓದಿದಾಗಿನಿಂದ ಊಟ ಸೇರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ ಬೈಯಿ.

ಪಟ ಬಂದ ದಿನವೇ ತರಗತಿಯ ಗೋಡೆಗೆ ಹಾಕಿದ್ದೆ. ಮಕ್ಕಳಿಗೆ ಗಾಬರಿಯಾಗಬಾರದು ಎಂದು ದಿನಾ ಬೆಳಿಗ್ಗೆ ಕೋಲು ಹಿಡಿದು ಒಂದೊಂದೇ ಸಾಲು ಹೇಳಿಕೊಟ್ಟೆ. ‘ಗ ಠ ರ ಲ, ಬ ದ ಜ ನ’ ಎಂದು ರಾಗ ಹಾಕಿ ಹೇಳಿಸಿದೆ. ತಪ್ಪಿದವರಿಗೆ ಹತ್ತು ಸಲ ಬರೆಯಲು ಹೇಳಿದೆ. ನಾನು ನಿನಗೆ ‘ತಯಾರಿ’ ಎಂದು ಬರೆದದ್ದು ಇದನ್ನೇ. ಟೀಚರಿನ ಕೈಗೆ ಅಕ್ಷರ ಕೊಟ್ಟರೆ ಅವಳು ಇನ್ನೇನು ಮಾಡುತ್ತಾಳೆ? ಕಲಿಸುತ್ತಾಳೆ. ಕಣ್ಣಿನ ಪರೀಕ್ಷೆಯನ್ನು ಪಾಠ ಮಾಡಿಬಿಟ್ಟೆ ಅಕ್ಕಾ. ನಲವತ್ತೊಂದು ಮಕ್ಕಳೂ ಪಾಸಾದರು, ಬಾಯಿಪಾಠದಲ್ಲಿ.

ಅದು ಗೊತ್ತಾದದ್ದು ಹೀಗೆ. ಈ ತಿಂಗಳು ತರಗತಿಗೆ ಸುಣ್ಣ ಹೊಡೆಯಲು ಗೋಡೆಯ ಪಟಗಳನ್ನೆಲ್ಲ ಇಳಿಸಿದ್ದರು. ಸಣ್ಣ ಬಿಡುವಿನಲ್ಲಿ ಮಕ್ಕಳು ‘ಕಣ್ಣಿನ ಪರೀಕ್ಷೆ’ ಆಟ ಆಡುತ್ತಿದ್ದರು. ಒಬ್ಬಳು ನಾನಾಗಿದ್ದಳು, ಇಲ್ಲದ ಸೆರಗು ಸಿಕ್ಕಿಸಿಕೊಂಡು ಸ್ಕೇಲು ಹಿಡಿದು ಬರಿಗೋಡೆಗೆ ಬಡಿಯುತ್ತಿದ್ದಳು. ಗಿಣಿ ಬಲಗಣ್ಣಿಗೆ ಅಂಗೈ ಇಟ್ಟು ನಿಂತು ಓದುತ್ತಿದ್ದಳು. ಏಳು ಸಾಲು. ಒಂದು ಅಕ್ಷರ ತಪ್ಪಲಿಲ್ಲ. ಗೋಡೆಯ ಮೇಲೆ ಏನೂ ಇರಲಿಲ್ಲ.

ಬಾಗಿಲಲ್ಲಿ ನಿಂತು ಮೊದಲು ನಕ್ಕೆ. ನನ್ನ ಹಾಗೇ ಮಾಡುತ್ತಾರಲ್ಲ ಎಂದು. ಆಮೇಲೆ ಆ ಬರಿಗೋಡೆ ನೋಡಿದೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಅಂದೇ ಸಂಜೆ ಸ್ಲೇಟಿನ ಮೇಲೆ ಪಟದ ಅಳತೆಗೇ ಸಾಲು ಸಾಲಾಗಿ ಬೇರೆ ಅಕ್ಷರ ಬರೆದು ಒಬ್ಬೊಬ್ಬರನ್ನೇ ಕರೆದೆ.

ನೀನು ಆಗಸ್ಟಿನಲ್ಲಿ ಒಂದೇ ಸಾಲು ಬರೆದಿದ್ದೆ. ಅದನ್ನು ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದ್ದೆ. ನನ್ನ ಸೊಕ್ಕಿಗೆ ಆ ಮಗುವಿನ ಎರಡು ತಿಂಗಳು ಹೋಯಿತು. ಮೂವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಿಗೂ ಇದನ್ನೇ ಕೇಳಿದೆ, ಆ ಎರಡು ತಿಂಗಳಿಂದ ಎಷ್ಟು ನಷ್ಟವಾಗಿರಬಹುದು ಎಂದು. ಅವರು ‘ಈಗಿಂದ ಶುರು ಮಾಡೋಣ’ ಅಂದರು ಅಷ್ಟೇ. ಮೂವರಿಗೂ ಕನ್ನಡಕ ಬರೆದಿದ್ದಾರೆ. ಗಿಣಿಯ ಬಲಗಣ್ಣಿಗೆ ದಿನಕ್ಕೆ ಆರು ಗಂಟೆ ಪಟ್ಟಿ. ಕಣ್ಣು ಎಷ್ಟು ಬರುತ್ತದೋ ಹೇಳಲಾಗದು ಅಂದಿದ್ದಾರೆ.

ನಿನ್ನ ಕಣ್ಣಿನ ವಿಷಯ ಓದಿ ತುಂಬ ಅತ್ತೆ. ಎಡವಟ್ಟು ಎಂದು ಕರೆದ ಬಾಯಿಗೆ ಏನು ಹೇಳಲಿ? ಕ್ಷಮಿಸು ಅಕ್ಕಾ.

ಪುಟ್ಟಿ


ನವೆಂಬರ್ 6

ಪುಟ್ಟಿಗೆ,

ಕಾಗದ ಓದಿ ಮೊದಲು ಹಣೆ ಚಚ್ಚಿಕೊಂಡೆ, ಆಮೇಲೆ ಒಬ್ಬಳೇ ನಕ್ಕೆ. ರಾಗ ಹಾಕಿ ಬೇರೆ ಹೇಳಿಸಿದೆಯಾ?

ತಪ್ಪು ನಿನ್ನದೊಂದೇ ಅಲ್ಲ. ಪುಟದ ತುಂಬ ನಿಯಮ ಬರೆದವಳು ‘ಮೊದಲೇ ತೋರಿಸಬೇಡ’ ಎಂದು ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಪಟವನ್ನು ಯಾರೂ ಪಾಠ ಮಾಡುವುದಿಲ್ಲ, ನನಗೆ ತೋಚಲೇ ಇಲ್ಲ. ‘ತಯಾರಿ’ ಎಂದು ನೀನು ಬರೆದಾಗಲೂ ಮುಖ ತೊಳೆಸಿದ್ದೀಯ ಎಂದುಕೊಂಡೆ. ಒಬ್ಬ ಟೀಚರಿಗೆ ಪಟ ಕಳಿಸುತ್ತಿದ್ದೇನೆ ಎಂಬುದನ್ನು ಮರೆತಿದ್ದೆ.

ಬೇರೆ ಬೇರೆ ಅಕ್ಷರಗಳ ಮೂರು ಪಟ ಕಳಿಸಿದ್ದೇನೆ. ಅಂಟು ಹಾಕಿ ಮುಚ್ಚಿದ್ದೇನೆ. ತಿಂಗಳಿಗೊಂದು, ಪರೀಕ್ಷೆಯ ದಿನ ಬೆಳಿಗ್ಗೆ ಬಿಚ್ಚು. ನೀನೂ ನೋಡಬೇಡ, ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಇನ್ನು ಮುಂದಿನದು ಡಾಕ್ಟರ ಕೈಯಲ್ಲಿ ಕಡಿಮೆ, ನಿನ್ನ ಕೈಯಲ್ಲಿ ಜಾಸ್ತಿ. ಪಟ್ಟಿ ಹಾಕಿಸಿಕೊಂಡ ಮಕ್ಕಳಲ್ಲಿ ಎಷ್ಟೋ ಜನ ಎರಡನೇ ವಾರಕ್ಕೆ ಕಿತ್ತೆಸೆಯುತ್ತಾರೆ. ಅಳುತ್ತಾರೆ, ಮನೆಯವರು ಸೋಲುತ್ತಾರೆ. ಸೋಮಾರಿಗಳನ್ನು ಕೂರಿಸಿ ಕೆಲಸ ಮಾಡಿಸುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ ಎಂದು ಕೇಳಿದ್ದೇನೆ. ತೋರಿಸು.

ಕ್ಷಮೆಯ ಮಾತು ಸಾಕು. ಇಪ್ಪತ್ತೆರಡು ವರ್ಷದಿಂದ ಒಂದೇ ಕಣ್ಣಿನಲ್ಲಿ ಊರವರ ಕಣ್ಣೆಲ್ಲ ನೋಡಿದ್ದೇನೆ. ನಾನೇನೂ ಬಡಪಾಯಿ ಅಲ್ಲ.

ಅಕ್ಕ


ಡಿಸೆಂಬರ್ 10

ಪ್ರೀತಿಯ ಅಕ್ಕನಿಗೆ,

ನೀನು ಹೇಳಿದ್ದೇ ಆಯಿತು. ಎರಡನೇ ವಾರದಲ್ಲಿ ಗಿಣಿ ಪಟ್ಟಿಯಿಲ್ಲದೆ ಬಂದಳು. ಹಿಂದೆಯೇ ತಾಯಿ. ಕಾರ್ಖಾನೆಯಿಂದ ಅರ್ಧ ಗಂಟೆ ಬಿಡಿಸಿಕೊಂಡು ಬಂದಿದ್ದಳು, ಬಟ್ಟೆಯ ಮೇಲೆಲ್ಲ ದಾರದ ತುಣುಕು. ನಿಂತಲ್ಲಿಂದಲೇ ಕೇಳಿದಳು.

“ಕಾಣೋ ಕಣ್ಣನ್ನ ಮುಚ್ಚಿ ಕಾಣದ ಕಣ್ಣು ಬಿಟ್ಟರೆ ನನ್ನ ಮಗು ರಸ್ತೆ ಹೆಂಗೆ ದಾಟುತ್ತೆ ಟೀಚರ್? ನೀವು ದಾಟಿಸ್ತೀರಾ?”

ನ್ಯಾಯವಾದ ಮಾತು. ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಕೈ ಮೇಲೆತ್ತಿ ಬೆರಳು ತೋರಿಸಿ ಎಂದೆ. ಗಿಣಿಯನ್ನು ಹಿಂದಿನ ಬೆಂಚಿನಲ್ಲಿ ಬಲಗಣ್ಣು ಮುಚ್ಚಿ ನಿಲ್ಲಿಸಿದೆ. ತಾಯಿ ಕೈ ಎತ್ತಿದಳು, ಆದರೆ ಬೆರಳು ಬಿಡಿಸಲಿಲ್ಲ, ಮುಷ್ಟಿ. ಎಷ್ಟು ಬೆರಳು ಎಂದು ಕೇಳಿದೆ. ಗಿಣಿ ಒಂದು ಕ್ಷಣವೂ ಯೋಚಿಸದೆ “ಮೂರು” ಅಂದಳು, ಗಟ್ಟಿಯಾಗಿ, ಪಾಠ ಒಪ್ಪಿಸುವ ದನಿಯಲ್ಲಿ.

ತಾಯಿಯ ಕೈ ಹಾಗೇ ಮೇಲೆ ನಿಂತುಬಿಟ್ಟಿತು. ಮುಷ್ಟಿ ಇಳಿಸದೆಯೇ ಕೇಳಿದಳು. “ಇಷ್ಟು ದಿನ ನನಗೂ ಹಿಂಗೇ ಹೇಳ್ತಾ ಇತ್ತಾ ಇದು?”

ಒಪ್ಪಂದ ಆಯಿತು. ಪಟ್ಟಿ ಶಾಲೆಯೊಳಗೆ ಮಾತ್ರ. ಬೆಳಿಗ್ಗೆ ಗೇಟಿನ ಒಳಗೆ ಬಂದ ಮೇಲೆ ನಾನೇ ಅಂಟಿಸುತ್ತೇನೆ, ಸಂಜೆ ಗೇಟು ದಾಟುವ ಮೊದಲು ನಾನೇ ತೆಗೆಯುತ್ತೇನೆ. ಶಾಲೆ ನಡೆಯುವುದು ಸರಿಯಾಗಿ ಆರು ಗಂಟೆ. ರಜೆಯ ದಿನ ತಾಯಿ ಮನೆಯೊಳಗೆ ಹಾಕುತ್ತಾಳೆ.

ನಾನು ಅಂಟಿಸಿದ ಮೊದಲ ದಿನ ತರಗತಿಯಲ್ಲಿ ನಗು ಎದ್ದಿತು. ನಾನು ಗದರಲಿಲ್ಲ. ಎಲ್ಲರಿಗೂ ಒಂದು ಕಣ್ಣು ಮುಚ್ಚಿಸಿ ಮಣಿ ಪೋಣಿಸಲು ಕೊಟ್ಟೆ, ಆಮೇಲೆ ಇನ್ನೊಂದು ಕಣ್ಣು. ಉಳಿದವರದೆಲ್ಲ ಎರಡು ಸಲವೂ ಮುಗಿಯಿತು. ಗಿಣಿ ಬಲಗಣ್ಣು ಮುಚ್ಚಿಕೊಂಡು ಒಂದು ಮಣಿಗೆ ಒದ್ದಾಡುವುದನ್ನು ಎಲ್ಲರೂ ನೋಡಿದರು. ನಕ್ಕವರೇ ಸಹಾಯಕ್ಕೆ ಬಂದರು. ಈಗ ನನ್ನ ಕಷ್ಟ ಏನೆಂದರೆ ಅವರನ್ನು ದೂರ ಇಡುವುದು. ಅವಳ ಕಣ್ಣು ಮಾಡಬೇಕಾದ ಕೆಲಸವನ್ನು ನಲವತ್ತು ಜನ ಮಾಡಿಕೊಡಲು ತಯಾರು.

ಅತ್ತದ್ದು ಗಿಣಿ ಮಾತ್ರ. ಅದೂ ಓದುವಾಗ. ಯಾವತ್ತೂ ಮೊದಲು ಮುಗಿಸುತ್ತಿದ್ದವಳು ಈಗ ಒಂದೊಂದು ಅಕ್ಷರಕ್ಕೂ ಮೂಗು ಪುಸ್ತಕಕ್ಕೆ ತಾಗಿಸುತ್ತಾಳೆ. “ಟೀಚರ್, ನನಗೆ ಬಾಯಲ್ಲಿ ಬರುತ್ತಲ್ಲ, ಯಾಕೆ ನೋಡಬೇಕು?” ಎಂದು ಕೇಳಿದಳು. ಅಕ್ಕಾ, ಬಾಯಲ್ಲಿ ಬರಿಸಿದವಳು ನಾನೇ. ಎರಡನೇ ತರಗತಿಗೆ ಬಂದವರಿಗೆಲ್ಲ ನಾನು ಮೊದಲು ಕಲಿಸಿದ್ದು ಅದನ್ನೇ.

ಮೊದಲ ಪಟ ಬಿಚ್ಚಿದೆ. ಎರಡನೇ ಸಾಲು ಓದಿದಳು. ಕದ್ದು ನೋಡಿರಲಿಲ್ಲ, ನಾನೂ, ಅವಳೂ.

ಪುಟ್ಟಿ


ಫೆಬ್ರವರಿ 5

ಪ್ರೀತಿಯ ಅಕ್ಕನಿಗೆ,

ಮೂರನೇ ಪಟ. ನಾಲ್ಕನೇ ಸಾಲು! ಡಾಕ್ಟರಮ್ಮ ಗಿಣಿಯನ್ನು ನೋಡಿ ನನ್ನ ಕಡೆ ತಿರುಗಿ ಹುಬ್ಬು ಎತ್ತಿದರು. ಇನ್ನೂ ನಾಲ್ಕಾರು ತಿಂಗಳು ಪಟ್ಟಿ ಬೇಕಂತೆ, ಆದರೆ ಕಣ್ಣು ಎದ್ದಿದೆ ಅಂದರು. ಕಾಲರು ಹೊಲಿಯುವ ತಾಯಿ ಆಸ್ಪತ್ರೆಯ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಹಾಗೇ ಇಬ್ಬರೂ ಬಸ್ಸಿಗೆ ನಿಂತೆವು.

ಈಗ ಒಂದು ಧರ್ಮಸಂಕಟ. ಜುಲೈಯಲ್ಲಿ ಹೆಡ್ ಮೇಷ್ಟರು ಕಳಿಸಿದ ವರದಿ ನೋಡಿ ಶಿಕ್ಷಣ ಕಚೇರಿಯವರು ಖುಷಿಯಾಗಿ ತಮ್ಮ ವ್ಯಾಪ್ತಿಯ ಮೂವತ್ತಾರು ಶಾಲೆಗೂ ಕಣ್ಣಿನ ಪಟ ಹಂಚಿದ್ದಾರೆ, ನಮ್ಮ ಶಾಲೆಯ ಮಾದರಿಯಲ್ಲಿ ಪರೀಕ್ಷೆ ಮಾಡಿ ಎಂದು. ಅಕ್ಟೋಬರಿನಲ್ಲಿ ನಾನು ತಿದ್ದಿ ಬರೆದ ವರದಿ ಹೆಡ್ ಮೇಷ್ಟರ ಮೇಜಿನಿಂದ ಆಚೆ ಹೋಗಿಯೇ ಇಲ್ಲ. ಕಳಿಸಿದ್ದು ಕಳಿಸಿ ಆಯಿತಲ್ಲ, ಮತ್ತೆ ಯಾಕೆ ಕೆದಕುವುದು ಅಂದುಕೊಂಡರಂತೆ. ಬರುವ ತಿಂಗಳು ಆರೋಗ್ಯ ಟೀಚರುಗಳ ಸಭೆ. ಮೂವತ್ತಾರು ಜನರ ಮುಂದೆ ನಾನು ಮಾತಾಡಬೇಕಂತೆ. ಗೆದ್ದ ಕಥೆ ಹೇಳಿ, ಉಳಿದವರಿಗೆ ಹುರುಪು ಬರಲಿ ಎಂದು ಅಧಿಕಾರಿಗಳು ಹೇಳಿದ್ದಾರೆ.

ಬೇರೆ ಕೆಲವು ಶಾಲೆಗಳಲ್ಲೂ ನೂರಕ್ಕೆ ನೂರು ಬಂದಿದೆಯಂತೆ. ಅಲ್ಲೂ ನನ್ನಂಥವರು ರಾಗ ಹಾಕಿಸಿರಬೇಕು. ಏನು ಮಾಡಲಿ?

ಪುಟ್ಟಿ


ಫೆಬ್ರವರಿ 13

ಪುಟ್ಟಿಗೆ,

ನಾಲ್ಕನೇ ಸಾಲು ಎಂದು ಓದಿ ಕೆಲಸ ಬಿಟ್ಟು ಒಂದು ಲೋಟ ಚಹಾ ಕುಡಿದೆ. ನನ್ನ ಮಟ್ಟಿಗೆ ಅದು ಔತಣ.

ಸಭೆಯ ವಿಷಯ. ಕಿವಿಗೊಟ್ಟು ಕೇಳು. ನಿನ್ನ ತಪ್ಪನ್ನು ಅಲ್ಲಿ ಹೇಳಬೇಡ. ಅಕ್ಕನಾಗಿ ಹೇಳುತ್ತಿದ್ದೇನೆ. ಮೂವತ್ತಾರು ಜನ ಟೀಚರು, ಮೇಲೆ ಅಧಿಕಾರಿಗಳು, ನಿನ್ನದೇ ಹೆಡ್ ಮೇಷ್ಟರು. ನಾಳೆ ‘ಅವಳೇ ಕಣ್ಣಿನ ಪಟ ಬಾಯಿಪಾಠ ಮಾಡಿಸಿದವಳು’ ಎಂದು ಬೆರಳು ತೋರಿಸುತ್ತಾರೆ. ಇಟ್ಟ ಹೆಸರು ಎಷ್ಟು ದಿನ ಉಳಿಯುತ್ತದೆ ಎಂದು ನನ್ನನ್ನು ಕೇಳು. ಮಗುವಿನ ಕಣ್ಣು ಬರುತ್ತಿದೆ, ಅದು ಸಾಕು. ಉಳಿದ ಶಾಲೆಗಳನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದು ನಮ್ಮ ಆಸ್ಪತ್ರೆಯಿಂದ ಕಚೇರಿಗೆ ಕಾಗದ ಹಾಕಿಸುತ್ತೇನೆ. ನೀನು ಗಿಣಿಯ ನಾಲ್ಕು ಸಾಲಿನ ಕಥೆ ಹೇಳಿ ಇಳಿ.

ಅಕ್ಕ


ಮಾರ್ಚ್ 30

ಪ್ರೀತಿಯ ಅಕ್ಕನಿಗೆ,

ನಿನ್ನ ಮಾತು ಕೇಳಲಿಲ್ಲ. ಯಾವಾಗ ಕೇಳಿದ್ದೇನೆ?

ಆಸ್ಪತ್ರೆಯ ಕಾಗದ ಫೈಲಿಗೆ ಹೋಗುತ್ತದೆ. ಟೀಚರಿಗೆ ಟೀಚರು ಹೇಳಿದರೇ ತಲೆಗೆ ಹೋಗುವುದು. ಇಷ್ಟನ್ನು ಹದಿನಾರು ವರ್ಷದಲ್ಲಿ ಕಲಿತಿದ್ದೇನೆ.

ಸಭಾಂಗಣದ ಫ್ಯಾನು ಸದ್ದು ಮಾಡುತ್ತಿತ್ತು, ಎಲ್ಲರ ಮುಖದಲ್ಲೂ ಊಟ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ. ಹೆಡ್ ಮೇಷ್ಟರು ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕುಳಿತಿದ್ದರು. ನಾನು ಬರೆದುಕೊಂಡು ಹೋಗಿದ್ದ ಹಾಳೆ ತೆಗೆಯಲೇ ಇಲ್ಲ. “ಕಣ್ಣಿನ ಪರೀಕ್ಷೇನ ನಾನು ಪಾಠ ಮಾಡಿಬಿಟ್ಟೆ” ಎಂದು ಶುರು ಮಾಡಿದೆ. ರಾಗ ಹಾಕಿಸಿದ್ದು, ಚಪ್ಪಾಳೆ ಹೊಡೆಸಿಕೊಂಡದ್ದು, ನಿನ್ನ ಕಾಗದಕ್ಕೆ ಕೋಪ ಮಾಡಿದ್ದು, ಬರಿಗೋಡೆಯ ಮುಂದೆ ಗಿಣಿ ಓದಿದ್ದು, ಎಲ್ಲ ಹೇಳಿದೆ. ಮೊದಲಿಗೆ ನಗುತ್ತಿದ್ದರು. ಬರಿಗೋಡೆಯ ಮಾತು ಬಂದಾಗ ನಗು ನಿಂತಿತು. ಅಧಿಕಾರಿಗಳು ಗಡಿಯಾರ ನೋಡಿದರು. ಇಷ್ಟೇ ನನ್ನ ಕಥೆ ಎಂದು ಹೇಳಿ ನಿಂತೆ. ಆಯಿತು, ಅಕ್ಕ ಹೇಳಿದ್ದೇ ಸರಿ, ಮರ್ಯಾದೆ ಹೋಯಿತು ಅಂದುಕೊಂಡೆ.

ಮೂರನೇ ಸಾಲಿನಲ್ಲಿ ನನಗಿಂತ ಹಿರಿಯ ಟೀಚರು ಒಬ್ಬರು ಎದ್ದರು. ತಲೆ ಪೂರ್ತಿ ಬೆಳ್ಳಗೆ, ನಿವೃತ್ತಿಗೆ ಇನ್ನೊಂದೇ ವರ್ಷವಂತೆ.

“ನಾನೂ ಮಾಡಿಸಿದೀನಮ್ಮ” ಅಂದರು. “ಉಕ್ತಲೇಖನಾನೂ ಕೊಟ್ಟಿದ್ದೆ.”

ಅವರು ನಿಂತೇ ಇದ್ದರು. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಆಮೇಲೆ ಕಿಟಕಿಯ ಹತ್ತಿರ ಇನ್ನೆರಡು, ಮತ್ತೆ ಅಲ್ಲೊಂದು ಇಲ್ಲೊಂದು. ಮಕ್ಕಳು ಕೈ ಎತ್ತುವ ಹಾಗೆ, ಅರ್ಧ ಎತ್ತಿ, ಅಕ್ಕಪಕ್ಕ ನೋಡಿ, ಪೂರ್ತಿ ಎತ್ತಿದರು. ಆ ಹಿರಿಯರನ್ನೂ ಸೇರಿಸಿ ಎಣಿಸಿದೆ. ಹನ್ನೊಂದು. ಹೆಡ್ ಮೇಷ್ಟರು ಹಿಂದೆ ತಿರುಗಿ ಆ ಕೈಗಳನ್ನು ನೋಡಿದರು. ಆಮೇಲೆ ಎದ್ದು ಅಧಿಕಾರಿಗಳ ಹತ್ತಿರ ಹೋಗಿ, ‘ಅಕ್ಟೋಬರಿನ ವರದಿ ನನ್ನ ಮೇಜಿನಲ್ಲೇ ಉಳಿಯಿತು, ತಪ್ಪು ನನ್ನದು’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿಯಿತು.

ಮಾರನೇ ದಿನದಿಂದ ಹನ್ನೊಂದು ಶಾಲೆಯಲ್ಲೂ ಹೊಸದಾಗಿ ಪರೀಕ್ಷೆ. ಹೊಸ ಅಕ್ಷರ, ಮುಚ್ಚಿದ ಪಟ. ಮೊನ್ನೆ ಲೆಕ್ಕ ಬಂತು. ಹಿಂದಿನ ಸಲ ಎಲ್ಲ ಪಾಸಾಗಿದ್ದ ಮಕ್ಕಳಲ್ಲಿ ಈಗ ಮೂವತ್ತೆರಡು ಮಕ್ಕಳಿಗೆ ತೊಂದರೆ ಸಿಕ್ಕಿದೆ. ಅದರಲ್ಲಿ ಆರು ಮಕ್ಕಳದು ಗಿಣಿಯದೇ ಕಣ್ಣು. ಆರೂ ಜನಕ್ಕೆ ಎಂಟು ತುಂಬಿಲ್ಲ. ಆರೂ ಜನಕ್ಕೆ ಪಟ್ಟಿ ಶುರುವಾಗಿದೆ. ಗೇಟಿನ ಒಳಗೆ ಅಂಟಿಸಿ ಗೇಟಿನ ಒಳಗೇ ತೆಗೆಯುತ್ತಾರೆ, ಅವರವರ ಟೀಚರುಗಳು.

ಗಿಣಿ ಈಗ ಐದನೇ ಸಾಲು ಮುಗಿಸಿ ಆರನೆಯದರಲ್ಲಿ ಎರಡಕ್ಷರ. ನಿಧಾನವಾಗಿ ಓದುತ್ತಾಳೆ. ಕಂಡದ್ದನ್ನು ಮಾತ್ರ ಓದುತ್ತಾಳೆ, ಕಾಣದಿದ್ದರೆ ‘ಕಾಣಿಸ್ತಿಲ್ಲ ಟೀಚರ್’ ಅನ್ನುತ್ತಾಳೆ. ಆ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಆದ ಹೆಮ್ಮೆ, ಜುಲೈಯ ಚಪ್ಪಾಳೆಯಲ್ಲಿ ಅದರ ಕಾಲುಭಾಗವೂ ಇರಲಿಲ್ಲ.

ಈಗ ಬೈಯಿ.

ಪುಟ್ಟಿ


ಏಪ್ರಿಲ್ 11

ಪುಟ್ಟಿಗೆ,

ಬೈಯಬೇಕೆಂದು ಕೂತೆ, ಆಗಲಿಲ್ಲ. ನಾನು ಹೇಳಿದ್ದು ತಪ್ಪು. ಬರೆದು ಕೊಟ್ಟಿದ್ದೇನೆ, ಈ ಹಾಳೆ ಇಟ್ಟುಕೋ, ಇಂಥದ್ದು ಮತ್ತೆ ಸಿಗುವುದಿಲ್ಲ. ನಿನಗೆ ಹೆಸರಿಡುತ್ತಾರೆ ಎಂದು ಹೆದರಿದೆ. ಹೆದರಿದ್ದು ನನ್ನ ಸಲುವಾಗಿ, ನಿನ್ನ ಸಲುವಾಗಿ ಅಲ್ಲ ಎಂದು ಈಗ ಅನ್ನಿಸುತ್ತದೆ.

ನಿನ್ನ ಕಾಗದವನ್ನು ನಮ್ಮ ಹಿರಿಯ ಡಾಕ್ಟರಿಗೆ ಓದಿ ಹೇಳಿದೆ. ಆರು ಮಕ್ಕಳು ಎಂಬಲ್ಲಿ ನಿಲ್ಲಿಸಿದೆ. ಉಳಿದದ್ದನ್ನು ಅವರೇ ಇಸಿದುಕೊಂಡು ಓದಿದರು. ಇನ್ನು ಮೇಲೆ ನಮ್ಮ ಆಸ್ಪತ್ರೆಯಿಂದ ಶಾಲೆಗೆ ಹೋಗುವ ಪ್ರತಿ ಪಟದ ಮೇಲೂ ಒಂದು ಚೀಟಿ ಅಂಟಿಸುವುದೆಂದು ತೀರ್ಮಾನವಾಗಿದೆ. ಬರೆಯುವ ಕೆಲಸ ನನಗೆ ಬಂತು. ಹೀಗೆ ಬರೆದೆ: ‘ಪರೀಕ್ಷೆಯ ದಿನದ ತನಕ ಬಿಚ್ಚಬೇಡಿ. ಮಕ್ಕಳಿಗೆ ಇದನ್ನು ಕಲಿಸಬೇಡಿ. ನಾನು ಕಲಿಸಿದ್ದೆ. ಒಬ್ಬ ಟೀಚರ್.’

ನಿನ್ನ ಒಪ್ಪಿಗೆ ಕೇಳಲಿಲ್ಲ. ನೀನು ನನ್ನ ಮಾತು ಕೇಳಿದ್ದೀಯಾ?

ನಿನ್ನೆ ಆ ಚೀಟಿಯನ್ನು ಅಚ್ಚಿಗೆ ಕೊಟ್ಟು ಬಂದೆ. ಎರಡು ಸಾವಿರ. ಪ್ರೆಸ್ಸಿನವನು ಎಷ್ಟು ಪ್ರತಿ, ಯಾವ ಬಣ್ಣ, ಯಾವತ್ತಿಗೆ ಬೇಕು ಎಂದಷ್ಟೇ ಕೇಳಿದ. ಬರೆದವರು ಯಾರು ಎಂದು ಕೇಳಲಿಲ್ಲ, ಅವನಿಗೇನು ಕೆಲಸ. ಮೆಟ್ಟಿಲು ಇಳಿದವಳು ತಿರುಗಿ ಹತ್ತಿ ಹೋಗಿ ಹೇಳಿದೆ:

“ಆ ಟೀಚರ್ ನನ್ನ ತಂಗಿ ಕಣಪ್ಪ.”

ಅಕ್ಕ